ಗ್ಯಾಸ್ ಮಾತ್ರೆ ಇಟ್ಟ ಮೂರು ವಾರಕ್ಕೇ ಮತ್ತೆ ಹುಳ: ಮಾತ್ರೆ ಹೆಚ್ಚಿಸಬೇಕೋ, ಅಟ್ಟಿ ಒಡೆಯಬೇಕೋ?

ಅಟ್ಟಿಲೆಕ್ಕ:
20 ಮೀಟರ್ ಉದ್ದ, 10 ಮೀಟರ್ ಅಗಲದ ಗೋದಾಮು. 50 ಕೆಜಿ ಗೋಣಿಚೀಲದಲ್ಲಿ ಅಕ್ಕಿ. ಮೂರು ಕಡೆ ಗೋಡೆಗೆ ತಾಗಿಸಿ ಕಟ್ಟಿದ ಒಂದೇ ಅಟ್ಟಿ. ಟನ್ನಿಗೆ 3 ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಇಟ್ಟು, ತಾಡಪಾಲು ಹೊದಿಸಿ, 4 ದಿನಕ್ಕೆ ತೆಗೆದದ್ದು. ಸತ್ತ ಹುಳ ಬೇಕಾದಷ್ಟು ಬಿದ್ದಿತ್ತು. ಮೂರು ವಾರದಲ್ಲಿ ಮತ್ತೆ ಸೊಂಡಿಲುಹುಳ. ಟನ್ನಿಗೆ 5 ಮಾತ್ರೆ ಇಟ್ಟರೆ ಸಾಕಾಗುತ್ತದೆಯೇ?

ಕಾಳುಕಾವಲು:
ಸಾಕಾಗುವುದಿಲ್ಲ. ಕಡಿಮೆ ಬಿದ್ದಿರುವುದು ದಿನ. ಈ ಮಾತ್ರೆಯಿಂದ ಏಳುವ ಫಾಸ್ಫೀನ್ ಗ್ಯಾಸಿಗೆ ದುಂಬಿ, ಮರಿಹುಳ ಬೇಗ ಸಾಯುತ್ತವೆ. ಮೊಟ್ಟೆ ಮತ್ತು ಕೋಶ (ಮರಿ ದುಂಬಿಯಾಗುವ ಮುಂಚಿನ ಹಂತ) ಬಹಳ ಹೊತ್ತು ತಡೆದುಕೊಳ್ಳುತ್ತವೆ. ಸೊಂಡಿಲುಹುಳದ ಮೊಟ್ಟೆ, ಮರಿ, ಕೋಶ ಮೂರೂ ಕಾಳಿನ ಒಳಗೇ ಇರುವುದರಿಂದ ಹಾಳೆ ತೆಗೆದಾಗ ನಮಗೆ ಸತ್ತವು ಮಾತ್ರ ಕಾಣುತ್ತವೆ. 30 ಡಿಗ್ರಿ ಸೆಕೆಯಲ್ಲಿ ಮೊಟ್ಟೆ ದುಂಬಿಯಾಗಲು ಸುಮಾರು ಒಂದು ತಿಂಗಳು ಬೇಕು. ಮೂರು ವಾರಕ್ಕೆ ಎದ್ದವು ಬಹುಮಟ್ಟಿಗೆ ಒಳಗೇ ಬದುಕುಳಿದವು. ಕಾಳಿನ ಬಿಸಿ 25 ಡಿಗ್ರಿ ದಾಟಿದ್ದರೆ ಕನಿಷ್ಠ 7 ದಿನ, 15ರಿಂದ 25ರ ನಡುವೆ ಇದ್ದರೆ 10 ದಿನ. 15ಕ್ಕಿಂತ ಕೆಳಗಿದ್ದರೆ ಈ ಮಾತ್ರೆ ಬೇಡವೇ ಬೇಡ. ಏಳನೆಯ ದಿನವೂ ಹಾಳೆಯೊಳಗೆ 200 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಗೆ 200 ಪಾಲು) ಗ್ಯಾಸ್ ಉಳಿದಿರಬೇಕು.

ಮೂಟೆಜೋಡಣೆ:
ದಿನದ ಮಾತು ಒಪ್ಪಿದೆ. ಆದರೆ ಹಾಳೆಯಡಿಯಿಂದ ಗ್ಯಾಸ್ ಸೋರುವಷ್ಟನ್ನು ಹೆಚ್ಚು ಮಾತ್ರೆಯಿಂದ ತುಂಬಿಕೊಂಡರೆ ತಪ್ಪೇನು? ಅಟ್ಟಿ ಒಡೆದು ಗೋಡೆಯಿಂದ 1 ಮೀಟರ್ ಬಿಟ್ಟು ಕಟ್ಟಿ ಎನ್ನುವವರು ಜಾಗದ ಲೆಕ್ಕ ಹಾಕುವುದಿಲ್ಲ. 200 ಚದರ ಮೀಟರಿನಲ್ಲಿ ಸುತ್ತ 1 ಮೀಟರ್ ಬಿಟ್ಟರೆ ಉಳಿಯುವುದು 18×8, ಅಂದರೆ 144. ನೂರಕ್ಕೆ 28 ಪಾಲು ನೆಲ ಖಾಲಿ! ಸುಗ್ಗಿಯಲ್ಲಿ ಅಷ್ಟು ಜಾಗ ಯಾರು ಬಿಟ್ಟುಕೊಡುತ್ತಾರೆ?

ಕಾಳುಕಾವಲು:
ಸೋರುವ ಹಾಳೆಯಡಿ ಗ್ಯಾಸ್ ಮೊದಲೆರಡು ದಿನ ಏರಿ, ಆಮೇಲೆ ಸರ್ರನೆ ಇಳಿಯುತ್ತದೆ. ಮಾತ್ರೆ ಹೆಚ್ಚಿಸಿದರೆ ಏರಿಕೆ ಜಾಸ್ತಿಯಾಗುತ್ತದೆ, ಗ್ಯಾಸ್ ನಿಲ್ಲುವ ದಿನಗಳು ಅಷ್ಟಾಗಿ ಹೆಚ್ಚುವುದಿಲ್ಲ. ಮಿತಿಮೀರಿದ ಗ್ಯಾಸಿಗೆ ಹುಳ ಮರಗಟ್ಟಿ, ಉಸಿರು ತಗ್ಗಿಸಿಕೊಂಡು ಬದುಕಿಬಿಡುವುದೂ ಉಂಟು. ಹೀಗೆ ಉಳಿದುಕೊಂಡವುಗಳ ಸಂತತಿಯಲ್ಲೇ ಗ್ಯಾಸ್ ತಡೆಯುವ ಶಕ್ತಿ ಬೆಳೆಯುತ್ತದೆ. ಆ ಒಂದು ಮೀಟರ್ ಬೇಕಿರುವುದು ಹಾಳೆಯ ಸೆರಗು ನೆಲದ ಮೇಲೆ ಮಲಗಲಿಕ್ಕೆ. ಅರ್ಧ ಮೀಟರ್ ಸೆರಗು, ಅದರ ಮೇಲೆ ಭಾರ ಇಡಲು ಮಂಡಿಯೂರುವ ಆಳಿಗೆ ಇನ್ನರ್ಧ ಮೀಟರ್. ಗೋಡೆಗೆ ತಾಗಿದ ಮೂರೂ ಬದಿಯಲ್ಲಿ ಅಟ್ಟಿಲೆಕ್ಕ ಅವರ ಹಾಳೆ ನೇತಾಡುತ್ತಿದೆಯಷ್ಟೆ.

ಮರಳುಚೀಲ:
ಎಲ್ಲರೂ ಒಂದು ಮಾತು ಬಿಟ್ಟಿರಿ. ಹೊದಿಸಿದ್ದು ತಾಡಪಾಲು! ಅದರ ಹೊಲಿಗೆ ತೂತು, ಹಗ್ಗದ ಕಣ್ಣು ಎಲ್ಲದರಿಂದಲೂ ಗ್ಯಾಸ್ ಹೋಗುತ್ತದೆ. ಬೇಕಾದದ್ದು ಕನಿಷ್ಠ 200 ಮೈಕ್ರಾನ್ ದಪ್ಪದ ಪಾಲಿಥೀನ್ ಹಾಳೆ. ಒಬ್ಬರು ಒಳಗೆ ನಿಂತು ಬೆಳಕಿಗೆ ಹಿಡಿದು ನೋಡಿ, ತೂತು ಕಂಡಲ್ಲೆಲ್ಲ ಟೇಪು ಹಚ್ಚಬೇಕು. ಇದು ಮಾತ್ರೆ ತರುವ ಮೊದಲಿನ ಕೆಲಸ.

ಸೆರಗಿನ ಮೇಲೆ ಇಟ್ಟಿಗೆ, ಕಲ್ಲು ಹೇರಿದರೆ ನಡುವೆ ಸಂದು ಉಳಿಯುತ್ತದೆ. ದಪ್ಪ ಬಟ್ಟೆಯ ಉದ್ದನೆ ಕೊಳವೆಚೀಲ ಹೊಲಿಸಿ, ಒಣ ಮರಳು ತುಂಬಿ. ಗಟ್ಟಿಯಾಗಿ ತುಂಬಿದರೆ ದೊಣ್ಣೆಯ ಹಾಗೆ ನಿಲ್ಲುತ್ತದೆ, ನೆಲಕ್ಕೆ ಒತ್ತುವುದಿಲ್ಲ. ಮುಕ್ಕಾಲು ತುಂಬಿದರೆ ಚಪ್ಪಟೆಯಾಗಿ ನೆಲದ ಉಬ್ಬುತಗ್ಗಿಗೆ ಕೂರುತ್ತದೆ. ಎರಡು ಸಾಲು ಇಡಿ, ಒಂದರ ತುದಿ ಇನ್ನೊಂದರ ಮೇಲೆ ಒಂದಡಿ ಬರಲಿ. ಮೂಲೆಯಲ್ಲಿ ಹಾಳೆ ನೆರಿಗೆ ಬೀಳುವ ಕಡೆಯೇ ಹೆಚ್ಚು ಸೋರುವುದು, ಅಲ್ಲಿ ಮೂರನೆಯ ಚೀಲ. ನೆಲದ ಬಿರುಕಿಗೆ ಮೊದಲೇ ಸಿಮೆಂಟು ತುಂಬಿಸಿ.

ಮೂಟೆಜೋಡಣೆ:
ನೆಲ ಪೂರಾ ಬಿರುಕುಬಿಟ್ಟಿದ್ದರೆ ಅಟ್ಟಿ ಕಟ್ಟುವ ಮೊದಲೇ ಅಡಿಗೊಂದು ಹಾಳೆ ಹಾಸಿ, ಎರಡೂ ಅಂಚು ಸೇರಿಸಿ ಸುತ್ತಿ ಕ್ಲಿಪ್ ಹಾಕಬಹುದು. ಮರದ ಪ್ಯಾಲೆಟ್‌ನ ಒಂದು ಮೊಳೆ ಹೊರಗೆ ಇಣುಕಿದ್ದರೂ ಹಾಳೆ ಹರಿಯುತ್ತದೆ. ಒಂದೊಂದನ್ನೂ ಕೈಯಾಡಿಸಿ ನೋಡಿಯೇ ಇಡಬೇಕು. ಜಾಗದ ಬಗ್ಗೆ ಮಾತ್ರ ನನ್ನ ತಕರಾರು ಹಾಗೇ ಇದೆ. ಬಿಡಲೇಬೇಕೆಂದರೆ ಎತ್ತರದಲ್ಲಿ ಸ್ವಲ್ಪ ತುಂಬಿಕೊಳ್ಳಿ. ಒಂದು ವರಸೆ ಉದ್ದಕ್ಕೆ, ಮೇಲಿನದು ಅಡ್ಡಕ್ಕೆ, ಚೀಲದ ಬಾಯಿ ಒಳಮುಖ. ಮೇಲಿನ ವರಸೆಗಳನ್ನು ಒಳಕ್ಕೆ ಎಳೆದು ಕಟ್ಟಿ. ಪ್ಲಾಸ್ಟಿಕ್ ಚೀಲ ಜಾರುತ್ತದೆ, ಅದಕ್ಕೆ ಗೋಣಿಚೀಲದಷ್ಟು ಎತ್ತರ ಸಲ್ಲ.

ಒಣಕಾಳು:
ಎತ್ತರಿಸುವಾಗ ಸೂರಿನ ಕೆಳಗೆ ಒಂದು ಮೀಟರಾದರೂ ಇರಲಿ. ತಗಡಿನ ಸೂರು ರಾತ್ರಿ ತಣಿದಾಗ ಒಳಗಿನ ಗಾಳಿಯ ತೇವ ಅಲ್ಲಿಯೇ ಹನಿಗಟ್ಟಿ ಮೇಲಿನ ಚೀಲಕ್ಕೆ ಬೀಳುತ್ತದೆ. ಮೇಲಿನ ವರಸೆ ಮುಗ್ಗಿದ್ದರೆ ಸೂರು ಸೋರಿತೆಂದು ತಗಡು ಬದಲಿಸುವ ಮುಂಚೆ ಇದನ್ನು ನೋಡಿ. ಅಕ್ಕಿಯ ತೇವ ನೂರಕ್ಕೆ 14 ದಾಟಿದ್ದರೆ ಹಾಳೆಯಡಿ 7 ದಿನ ಮುಚ್ಚಿಡುವುದೂ ಅಪಾಯ, ಬೂಷ್ಟು ಹಿಡಿಯುತ್ತದೆ. ಫಾಸ್ಫೀನ್ ಹುಳ ಕೊಲ್ಲುತ್ತದೆ, ತೇವ ತೆಗೆಯುವುದಿಲ್ಲ.

ಅಟ್ಟಿಲೆಕ್ಕ:
ಸರಿ, ಅಟ್ಟಿ ಒಡೆದು ಸುತ್ತ ಜಾಗ ಬಿಟ್ಟು ಕಟ್ಟಿಸುವುದೇ ದಾರಿ. ಮಾತ್ರೆ ಟನ್ನಿಗೆ 3 ಇರಲಿ. ಅವನ್ನು ಚೀಲಗಳ ನಡುವೆ ಸಿಕ್ಕಿಸಬಹುದೇ?

ಮರಳುಚೀಲ:
ಬೇಡ, ಗ್ಯಾಸ್ ಬಿಟ್ಟಮೇಲೆ ಉಳಿಯುವ ಮಾತ್ರೆಯ ಬೂದಿ ಕಾಳಿಗೆ ಸೇರುತ್ತದೆ. ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ, ಪ್ಯಾಲೆಟ್‌ನ ಸಂದಿಗೆ ನಾಲ್ಕೂ ಕಡೆಯಿಂದ ತಳ್ಳಿ. ರಾಶಿ ಹಾಕಿದರೆ, ನೀರು ತಾಗಿದರೆ ತಾನಾಗಿ ಬೆಂಕಿ ಹತ್ತಬಹುದು. ಕೆಲಸ ತರಬೇತಿ ಆದವರೇ ಮಾಡಲಿ, ಇಬ್ಬರಿಗಿಂತ ಕಡಿಮೆ ಬೇಡ, ಫಾಸ್ಫೀನ್ ಸೋಸಲೆಂದೇ ಇರುವ ಡಬ್ಬಿ ಹಾಕಿದ ಮುಖವಾಡ ಇರಲಿ. ಮೂಗಿಗೆ ಕಟ್ಟಿದ ಬಟ್ಟೆ ಈ ಗ್ಯಾಸನ್ನು ತಡೆಯುವುದೇ ಇಲ್ಲ. ಏಳು ದಿನವೂ ಬಾಗಿಲಿಗೆ ಬೀಗ, ಎಚ್ಚರಿಕೆ ಫಲಕ. ತೆಗೆಯುವಾಗ ಎದುರುಬದುರು ಮೂಲೆ ಎತ್ತಿ ಹೊರಗೆ ಬನ್ನಿ, ಗಾಳಿಯಾಡಲಿ. ಗ್ಯಾಸ್ ಅಳೆಯುವ ಮೀಟರಿನಲ್ಲಿ 0.3 ಪಿಪಿಎಂಗಿಂತ ಕೆಳಗೆ ಬಂದಮೇಲೆಯೇ ಹಮಾಲರನ್ನು ಒಳಗೆ ಬಿಡುವುದು.