ಪ್ರಕೃತಿಯಲ್ಲಿ ಸಭೆಯ ಪಾಠ: ಯುವಜನರಿಗೆ ಏನು ತೋರಿಸಬೇಕು?

ಪ್ರಶ್ನೆ (ಪುಣೆ): ಕರ್ತನಲ್ಲಿ ವಂದನೆಗಳು. ನಮ್ಮ ಕನ್ನಡ ಕ್ರೈಸ್ತ ಸಭೆಯ (ಚರ್ಚಿನ) ಹದಿನೈದು ಯುವಜನರನ್ನು ಒಂದು ದಿನ ಹೊರಗೆ ಕರೆದೊಯ್ದು, ಸಭೆಯಾಗಿ ಕೂಡಿ ಬಾಳುವುದನ್ನು ಪ್ರಕೃತಿಯಲ್ಲೇ ತೋರಿಸಿ ಕಲಿಸಬೇಕೆಂದಿದ್ದೇವೆ. ಎಲ್ಲಿಗೆ ಹೋಗಬಹುದು? ತಿಳಿದವರು ಹೇಳಿ.

ಪುಣೆಯಿಂದ: ದೂರ ಬೇಡ ಸಿಸ್ಟರ್, ನಾರಾಯಣಗಾಂವ್ ಕಡೆಯ ದ್ರಾಕ್ಷಿ ತೋಟ ಸಾಕು. ಮಾಲೀಕರನ್ನು ಮೊದಲೇ ಕೇಳಿಕೊಳ್ಳಿ. ಯೇಸು ದ್ರಾಕ್ಷಿಬಳ್ಳಿ, ನಾವು ಕೊಂಬೆಗಳು ಎನ್ನುವ ಯೋಹಾನ 15 ಅಲ್ಲಿ ಕಣ್ಣೆದುರೇ ಇದೆ. ಚಳಿ ದೇಶದ ಬಳ್ಳಿ ಚಳಿಗಾಲದಲ್ಲಿ ಮಲಗುತ್ತದೆ, ಸವರುವುದು ಒಂದೇ ಸಲ. ಇಲ್ಲಿಯದು ಮಲಗುವುದಿಲ್ಲ, ಅದಕ್ಕೇ ವರ್ಷಕ್ಕೆರಡು ಛಾಟಣಿ (ಸವರುವಿಕೆ). ಕೊಯ್ಲಾದ ಮೇಲೆ ಏಪ್ರಿಲ್‌ನಲ್ಲಿ ಹಣ್ಣು ಕೊಟ್ಟ ಕಡ್ಡಿಯನ್ನೇ ಒಂದೆರಡು ಕಣ್ಣು (ಚಿಗುರೊಡೆಯುವ ಮೊಗ್ಗು) ಉಳಿಸಿ ಕತ್ತರಿಸುತ್ತಾರೆ. ಹೊಸ ಚಿಗುರಿನಿಂದ ಬೆಳೆ ತೆಗೆಯುವುದಿಲ್ಲ. ಆದರೆ ಮುಂದಿನ ಗೊಂಚಲು ಆ ಚಿಗುರಿನ ಕಣ್ಣೊಳಗೆ ಸುಮಾರು 40ರಿಂದ 60 ದಿನಗಳಲ್ಲಿ ರೂಪುಗೊಳ್ಳುತ್ತದೆ, ಅಕ್ಟೋಬರ್ ಛಾಟಣಿಯ ನಂತರವೇ ಹೊರಬರುತ್ತದೆ. ಆ ದಿನಗಳಲ್ಲಿ ಸಾರಜನಕ ಹೆಚ್ಚಾಗಿ ಎಲೆ ದಟ್ಟವಾದರೆ ಕಣ್ಣಿಗೆ ಬಿಸಿಲು ಬೀಳದು. ಬಳ್ಳಿ ಹಸಿರಾಗಿ ಸೊಕ್ಕುತ್ತದೆ, ಗೊಂಚಲು ಕಡಿಮೆ. ಕಾರ್ಯಕ್ರಮಗಳೇ ತುಂಬಿದ ಸಭೆ ಇದನ್ನು ನೋಡಲೇಬೇಕು.

ಅಕ್ಟೋಬರ್‌ನಲ್ಲಿ ಹೋದರೆ ಸವರಿದ ಕಡ್ಡಿ ಮುಟ್ಟಲು ಬಿಡಬೇಡಿ, ಕಣ್ಣೊಡೆಯಲು ಹಚ್ಚುವ ಔಷಧಿ ವಿಷ. ಇನ್ನೊಂದು, ಯೋಹಾನ 15ರ ಈ ವಾಕ್ಯ ಹಿಡಿದು ಯಾರನ್ನೋ ಸಭೆಯಿಂದ ಕತ್ತರಿಸುವ ಮಾತು ಬರಬಾರದು. ಕತ್ತರಿ ಇರುವುದು ತಂದೆಯ ಕೈಯಲ್ಲಿ, ನಾವೆಲ್ಲ ಕೊಂಬೆಗಳು.

ಗೋವಾದಿಂದ: ಇಲ್ಲಿಗೆ ಬಂದರೆ ರಿಬಂದರ್‌ನಲ್ಲಿ ಫೆರಿ ಹತ್ತಿ ಚೋಡಣ ದ್ವೀಪದ ಸಲೀಂ ಅಲಿ ಪಕ್ಷಿಧಾಮದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೆ ಹೋಗಿ. ನೀರು ಇಳಿದಾಗಲೇ ಹೋಗಬೇಕು, ಇಲ್ಲದಿದ್ದರೆ ಬೇರು ಕಾಣದು. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ, ವೇಳಾಪಟ್ಟಿ ನೋಡಿಕೊಳ್ಳಿ. ಒಂದು ಜಾತಿ ಉಪ್ಪನ್ನು ಬೇರಿನಲ್ಲೇ ಸೋಸುತ್ತದೆ. ಇನ್ನೊಂದು ಒಳಗೆ ಬಿಟ್ಟುಕೊಂಡು ಎಲೆಯಿಂದ ಹೊರಹಾಕುತ್ತದೆ, ಎಲೆಯ ಮೇಲೆ ಉಪ್ಪಿನ ಹರಳು ಕಾಣುತ್ತದೆ. ಕೆಸರು ಒಂದೇ, ತಾಳುವ ಬಗೆ ಬೇರೆ. ದೇಹ ಒಂದೇ, ಅಂಗಗಳು ಹಲವು ಎನ್ನುವ 1 ಕೊರಿಂಥ 12ನ್ನು ಅಲ್ಲೇ ಓದಿ. ಪೆನ್ಸಿಲ್‌ನಂತೆ ಎದ್ದಿರುವ ಉಸಿರುಬೇರು ತುಳಿಯಬೇಡಿ. ಪ್ಲಾಸ್ಟಿಕ್ ಮುಚ್ಚಿಕೊಂಡರೂ ಮರಕ್ಕೆ ಉಸಿರುಗಟ್ಟುತ್ತದೆ.

ಮುಂಬೈಯಿಂದ: ಎರಡೂ ಒಳ್ಳೆಯವೇ, ಆದರೆ ಒಂದು ದಿನಕ್ಕೆ ಒಂದೇ ಸಾಕು. ಮೊದಲು ಇಪ್ಪತ್ತು ನಿಮಿಷ ಮಾತಿಲ್ಲದೆ ನೋಡಲಿ, ಕಂಡದ್ದನ್ನು ಬರೆಯಲಿ, ಆಮೇಲೆ ವಾಕ್ಯ. ವಾಕ್ಯ ಮೊದಲು ಓದಿದರೆ ಅದರಲ್ಲಿರುವುದಷ್ಟೇ ಕಣ್ಣಿಗೆ ಬೀಳುತ್ತದೆ. ಪಾಠಕ್ಕಾಗಿ ಸುಳ್ಳು ಹೇಳಬೇಡಿ. ಹದ್ದು 40ನೇ ವಯಸ್ಸಿಗೆ ಕೊಕ್ಕು ಕುಟ್ಟಿ ಮುರಿದುಕೊಂಡು ಹೊಸದು ಬೆಳೆಸುತ್ತದೆ ಎಂದು ಪ್ರಸಂಗಗಳಲ್ಲಿ ಕೇಳುತ್ತೇವಲ್ಲ, ಅದು ನಿಜವಲ್ಲ. ಕೊಕ್ಕು ಮುರಿದ ಹದ್ದು ಹಸಿದು ಸಾಯುತ್ತದೆ. ಹದ್ದುಗಳಂತೆ ರೆಕ್ಕೆ ಚಾಚಿ ಏರುವರು ಎನ್ನುವ ಯೆಶಾಯ 40:31ಕ್ಕೆ ಆ ಕಥೆ ಬೇಕೂ ಇಲ್ಲ. ಬೆಳಿಗ್ಗೆ ಹತ್ತರ ಮೇಲೆ, ನೆಲ ಕಾದು ಬಿಸಿಗಾಳಿ ಏಳುವಾಗ ತಲೆಯೆತ್ತಿ ನೋಡಲು ಹೇಳಿ: ಹದ್ದು ರೆಕ್ಕೆ ಚಾಚಿ, ಬಡಿಯದೆ, ಸುತ್ತುತ್ತಾ ಮೇಲೇರುತ್ತಿರುತ್ತದೆ.