ಕ್ವೀನ್ಸ್‌ಟೌನ್‌ನಿಂದ ಮಿಲ್‌ಫರ್ಡ್ ಸೌಂಡ್: ಒಂದೇ ದಿನದಲ್ಲಿ ಹೋಗಿ ಬರಬಹುದಾ?

ಪ್ರಶ್ನೆ: ನವೆಂಬರ್ ಕೊನೆಗೆ ನ್ಯೂಜಿಲೆಂಡಿಗೆ ಹೊರಟಿದ್ದೇವೆ. ಜೊತೆಗೆ ಎಪ್ಪತ್ತು ದಾಟಿದ ಅಪ್ಪ-ಅಮ್ಮ. ಕ್ವೀನ್ಸ್‌ಟೌನ್‌ನಿಂದ ಬಾಡಿಗೆ ಕಾರಲ್ಲಿ ಮಿಲ್‌ಫರ್ಡ್‌ಗೆ, ಅಂದರೆ ಕಡಿದಾದ ಬಂಡೆಗೋಡೆಗಳ ನಡುವೆ ಸಮುದ್ರ ಒಳನುಗ್ಗಿರೋ ಆ ಕಿರುಕೊಲ್ಲಿಗೆ ಹೋಗಿ, ಬೋಟಲ್ಲಿ ಸುತ್ತಿ, ಅವತ್ತೇ ವಾಪಸ್ ಬರೋಕೆ ಆಗುತ್ತಾ? ಮಳೆ ಬಂದರೆ ದುಡ್ಡು ದಂಡ ಅಂತಾರೆ, ನಿಜವಾ?

ಉತ್ತರ 1: ಆಗುತ್ತೆ, ಆದರೆ ಹಿರಿಯರನ್ನ ಕೂರಿಸಿಕೊಂಡು ಬೇಡ. ನಕ್ಷೆಯಲ್ಲಿ ಎರಡೂ ಪಕ್ಕಪಕ್ಕ ಕಾಣುತ್ತವೆ. ನಡುವೆ ಬೆಟ್ಟಸಾಲು ಇರೋದರಿಂದ ರಸ್ತೆ ಟೆ ಅನೌ ಊರಿನ ಮೇಲೆ ಸುತ್ತಿಕೊಂಡು ಹೋಗುತ್ತೆ. ಒಂದು ಕಡೆಗೇ ಸುಮಾರು 290 ಕಿ.ಮೀ., ಎಲ್ಲೂ ನಿಲ್ಲಿಸದಿದ್ದರೂ ನಾಲ್ಕು ಗಂಟೆ. ನಿಲ್ಲಿಸದೇ ಹೋಗೋ ರಸ್ತೆಯಲ್ಲ ಅದು. ಟೆ ಅನೌನಲ್ಲಿ ಒಂದು ರಾತ್ರಿ ಉಳಿದರೆ ಮಿಲ್‌ಫರ್ಡ್‌ಗೆ 120 ಕಿ.ಮೀ. ಅಷ್ಟೇ. ಪೆಟ್ರೋಲ್ ಅಲ್ಲೇ ಫುಲ್ ಮಾಡಿಸಿ, ಮ್ಯಾಪ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಮುಂದೆ ಮೊಬೈಲ್ ಸಿಗ್ನಲ್ ಸಿಗೋದು ಕಷ್ಟ.

ಎಗ್ಲಿಂಟನ್ ಕಣಿವೆ, ಮಿರರ್ ಲೇಕ್ಸ್ ದಾಟಿದ ಮೇಲೆ ಹೋಮರ್ ಸುರಂಗ. 1.2 ಕಿ.ಮೀ. ಉದ್ದ, 1954ರಲ್ಲಿ ತೆರೆದಿದ್ದು, ಗೋಡೆ ಇನ್ನೂ ಒರಟು ಬಂಡೆಯೇ. ಮಿಲ್‌ಫರ್ಡ್ ಕಡೆಗೆ ಹತ್ತಕ್ಕೊಂದರ ಇಳಿಜಾರು. ಸುರಂಗದ ಟ್ರಾಫಿಕ್ ಸಿಗ್ನಲ್‌ನಲ್ಲಿ ಕಾಯುವಾಗ ಕೆಯಾ ಅನ್ನೋ ಬೆಟ್ಟದ ಗಿಣಿಗಳು ಬಂದು ಕಾರಿನ ಮೇಲೇ ಕೂರುತ್ತವೆ. ಒಂದು ನಮ್ಮ ಬಾಗಿಲಿನ ರಬ್ಬರ್ ಪಟ್ಟಿಯನ್ನ ಕೊಕ್ಕಲ್ಲಿ ಹಿಡಿದು ಎಳೆದೂ ಎಳೆದೂ, ಬರದಿದ್ದಾಗ ವೈಪರ್‌ಗೆ ಬಾಯಿ ಹಾಕಿತು. ಹಾರಿದಾಗ ರೆಕ್ಕೆಯ ಒಳಗಿನ ಕಿತ್ತಳೆ ಬಣ್ಣ ನೋಡಬೇಕು! ತಿಂಡಿ ಮಾತ್ರ ಹಾಕಬೇಡಿ, ಅವಕ್ಕೆ ಒಳ್ಳೆಯದಲ್ಲ.

ಉತ್ತರ 2: ಮಳೆ ಬಗ್ಗೆ ನಾನು ಹೇಳ್ತೀನಿ, ತೀರ್ಥಹಳ್ಳಿ ಕಡೆಯವನು. ಮಿಲ್‌ಫರ್ಡ್‌ನಲ್ಲಿ ವರ್ಷಕ್ಕೆ ಆರು ಮೀಟರಿಗೂ ಮೀರಿ ಸುರಿಯುತ್ತೆ, ಹೆಚ್ಚುಕಮ್ಮಿ ನಮ್ಮ ಆಗುಂಬೆ ಲೆಕ್ಕ. ಬಿಸಿಲಿದ್ದರೆ 1,692 ಮೀಟರ್ ಎತ್ತರದ ಮೈಟರ್ ಶಿಖರ ತುದಿತನಕ ಕಾಣುತ್ತೆ, ಜಲಪಾತ ಅಂತ ನೆಚ್ಚಿಕೊಳ್ಳೋಕೆ ಬೋವೆನ್, ಸ್ಟರ್ಲಿಂಗ್ ಎರಡೇ. ಮಳೆ ಬಿದ್ದರೆ ಶಿಖರ ಹೋಯ್ತು, ಆದರೆ ಬಂಡೆ ಮೇಲೆ ಮಣ್ಣೇ ಇಲ್ಲದ್ದರಿಂದ ನೀರು ಇಂಗದೆ ಗೋಡೆಗೋಡೆಯಲ್ಲೂ ಝರಿ. ನನ್ನ ಓಟು ಮಳೆಗೇ. ಸ್ಟರ್ಲಿಂಗ್ ಬುಡಕ್ಕೆ ಬೋಟಿನ ಮೂತಿಯನ್ನೇ ಒಯ್ಯುತ್ತಾರೆ, ಡೆಕ್ ಮೇಲೆ ನಿಂತವರಿಗೆ ಎರಡು ನಿಮಿಷದಲ್ಲಿ ತಲೆಸ್ನಾನ. ಅಪ್ಪ-ಅಮ್ಮ ಗಾಜಿನ ಕ್ಯಾಬಿನ್‌ನಲ್ಲಿ ಬೆಚ್ಚಗೆ ಕೂತು ನೋಡಬಹುದು. ಟಾಸ್ಮನ್ ಸಮುದ್ರ ಸೇರೋ ಬಾಯಲ್ಲಿ ಬೋಟು ತೂಗಾಡುತ್ತೆ, ವಾಂತಿ ಮಾತ್ರೆ ಮೊದಲೇ ಕೊಟ್ಟಿರಿ.

ಜೋರು ಮಳೆಗೆ, ಹಿಮಕುಸಿತದ ಭಯಕ್ಕೆ ರಸ್ತೆಯನ್ನೇ ಮುಚ್ಚೋದೂ ಉಂಟು. ಬೆಳಿಗ್ಗೆ ಹೊರಡೋ ಮುಂಚೆ ರಸ್ತೆ ಸ್ಥಿತಿ ನೋಡಿ. ಟಿಕೆಟ್ ಮುಂದೂಡೋ ಅವಕಾಶ ಇರೋದನ್ನೇ ಕೊಳ್ಳಿ.

ಉತ್ತರ 3: ಕಾರು ಓಡಿಸಲೇಬೇಕು ಅಂತಿಲ್ಲ. ಕ್ವೀನ್ಸ್‌ಟೌನ್‌ನಿಂದ ಗಾಜಿನ ಚಾವಣಿಯ ಬಸ್ಸುಗಳಿವೆ, ಬರ್ತಾ ಎಲ್ಲರೂ ನಿದ್ದೆ ಹೊಡೆಯಬಹುದು. ಆ ಬಸ್ಸುಗಳೆಲ್ಲ ಬಂದು ಸೇರೋದು ಮಧ್ಯಾಹ್ನದ ಹೊತ್ತಿಗೆ, ಜನಜಂಗುಳಿಯೂ ಆಗಲೇ. ಕಾರಲ್ಲೇ ಹೋದರೆ ಬೆಳಗಿನ ಬೋಟ್ ಹಿಡಿಯಿರಿ. ಪಾರ್ಕಿಂಗ್‌ನಿಂದ ಸ್ವಲ್ಪ ನಡೆಯಬೇಕು, ಹಿರಿಯರನ್ನ ಮೊದಲು ಟರ್ಮಿನಲ್ ಹತ್ತಿರ ಇಳಿಸಿಬಿಡಿ.

ಇನ್ನೊಂದು, ಸ್ಯಾಂಡ್‌ಫ್ಲೈ. ಎಳ್ಳಿನಷ್ಟು ಕಪ್ಪು ನೊಣ, ಕಚ್ಚಿದರೆ ವಾರಗಟ್ಟಲೆ ತುರಿಕೆ. ದಡದಲ್ಲಿ ಫೋಟೋಗೆ ನಿಂತಾಗಲೇ ಮುತ್ತುತ್ತವೆ. ಅಮ್ಮ ಸೀರೆ, ಚಪ್ಪಲಿಯಲ್ಲೇ ಬರ್ತಾರೆ ಅಂದ್ರೆ ಕಾಲಿಗೆ ಸಾಕ್ಸ್ ಹಾಕಿಸಿ, ಪಾದಕ್ಕೂ ಕೈಗೂ ರಿಪೆಲೆಂಟ್ ಹಚ್ಚಿ.