ಎಕ್ಸರ್‌ಸೈಸ್ ಸೈನ್ಸ್ ಓದಿದರೆ ಜಿಮ್ ಬಿಟ್ಟು ಬೇರೆ ಕೆಲಸ ಇದೆಯಾ?

ಎಂಟುನೂರು ಮೀಟರ್:

ಮುಂದಿನ ವರ್ಷ ಡಿಗ್ರಿ ಸೇರಬೇಕು. ಬಯಾಲಜಿ ಇಷ್ಟ, ಫಿಸಿಕ್ಸ್ ಪರವಾಗಿಲ್ಲ, ಕೆಮಿಸ್ಟ್ರಿ ಅಂದ್ರೆ ಮಾರು ದೂರ. ಶಾಲೆಯಲ್ಲಿ ಓಡ್ತಿದ್ದೆ, ದೊಡ್ಡ ಪದಕ ಏನೂ ಇಲ್ಲ. ವ್ಯಾಯಾಮ ವಿಜ್ಞಾನದ ಕೋರ್ಸ್ ಕಣ್ಣಿಗೆ ಬಿತ್ತು, ಮನಸ್ಸು ಅಲ್ಲೇ ನಿಂತಿದೆ. ಮನೆಯಲ್ಲಿ ಮಾತ್ರ "ಬಸ್ಕಿ ಹೊಡೆಯೋಕೂ ಡಿಗ್ರಿನಾ? ಕೊನೆಗೆ ಪಿಟಿ ಮೇಷ್ಟ್ರು ಆಗ್ತೀಯ ಅಷ್ಟೆ" ಅಂತಿದ್ದಾರೆ. ನಿಜವಾಗಿ ಏನು ಓದಿಸ್ತಾರೆ? ಓದಿದವರು ಎಲ್ಲಿ ಕೆಲಸ ಮಾಡ್ತಿದ್ದೀರಿ? ಫಿಸಿಯೋಥೆರಪಿಗೂ ಇದಕ್ಕೂ ಏನು ವ್ಯತ್ಯಾಸ?

ಬೆವರುಶಾಸ್ತ್ರಿ:

ಪಿಟಿ ಮೇಷ್ಟ್ರು ಅನ್ನೋ ಮಾತು ನಾನೂ ಕೇಳಿದ್ದೀನಿ, ನೆಂಟರು ಈಗಲೂ ಅಂತಾರೆ. (ಪಿಟಿ ಮೇಷ್ಟ್ರಾದರೆ ತಪ್ಪೇನು ಅನ್ನೋದು ಬೇರೆ ಜಗಳ.) ನಾನು ಹೃದ್ರೋಗಿಗಳ ಪುನಶ್ಚೇತನ ವಿಭಾಗದಲ್ಲಿ ಕ್ಲಿನಿಕಲ್ ಎಕ್ಸರ್‌ಸೈಸ್ ಫಿಸಿಯಾಲಜಿಸ್ಟ್. ಹಾರ್ಟ್ ಅಟ್ಯಾಕ್ ಆದವರು, ಸ್ಟೆಂಟ್ ಹಾಕಿಸಿಕೊಂಡವರು, ಬೈಪಾಸ್ ಆದವರು ಬರ್ತಾರೆ. ಅವರನ್ನು ಮತ್ತೆ ಧೈರ್ಯವಾಗಿ ನಡೆಯೋ ಹಾಗೆ, ಮೆಟ್ಟಿಲು ಹತ್ತೋ ಹಾಗೆ ಮಾಡೋದು ನನ್ನ ಕೆಲಸ.

ಮೊದಲು ಓದಿನ ವಿಷಯ. ಇದು ಬಸ್ಕಿ ಹೊಡೆಯೋದನ್ನು ಕಲಿಸೋ ಕೋರ್ಸ್ ಅಲ್ಲ. ಹೊರೆ ಬಿದ್ದಾಗ ದೇಹದೊಳಗೆ ಏನಾಗುತ್ತೆ, ಅದನ್ನು ಅಳೆಯೋದು ಹೇಗೆ ಅನ್ನೋದೇ ತಿರುಳು. ಅನಾಟಮಿ, ಫಿಸಿಯಾಲಜಿ, ಬಯೋಮೆಕ್ಯಾನಿಕ್ಸ್ (ದೇಹದ ಚಲನೆಯ ಹಿಂದಿನ ಫಿಸಿಕ್ಸ್), ಪೋಷಣೆ, ಮನಶ್ಶಾಸ್ತ್ರ, ಜೊತೆಗೆ ಎಲ್ಲರೂ ಬೈಕೊಳ್ಳೋ ಸ್ಟ್ಯಾಟಿಸ್ಟಿಕ್ಸ್. ನನಗೆ ರುಚಿ ಹತ್ತಿದ್ದು ಲ್ಯಾಬಿನಲ್ಲಿ. ಒಬ್ಬರ ಮುಖಕ್ಕೆ ಮಾಸ್ಕ್ ಕಟ್ಟಿ ಟ್ರೆಡ್‌ಮಿಲ್ ಹತ್ತಿಸ್ತೀವಿ. ಬ್ರೂಸ್ ಪ್ರೋಟೊಕಾಲ್ ಅನ್ನೋ ಪರೀಕ್ಷಾ ಕ್ರಮ ಆದರೆ ಗಂಟೆಗೆ 2.7 ಕಿಲೋಮೀಟರ್ ವೇಗ, ಶೇಕಡ 10ರ ಏರಿನಿಂದ ಶುರು. ಮೂರು ನಿಮಿಷಕ್ಕೊಮ್ಮೆ ವೇಗವೂ ಏರೂ ಹೆಚ್ಚುತ್ತೆ. ಇನ್ನೆಷ್ಟು ಜೋರು ಓಡಿಸಿದರೂ ದೇಹ ಬಳಸೋ ಆಮ್ಲಜನಕ ಮೇಲೇರಲ್ಲ ಅನ್ನೋ ಮಟ್ಟ ಬರುತ್ತಲ್ಲ, ಅದೇ ವಿಓಟೂ ಮ್ಯಾಕ್ಸ್. ಹೊರಗೆ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಬಳಸಿದ ಆಮ್ಲಜನಕದಿಂದ ಭಾಗಿಸಿ ನೋಡಿ: 0.7ರ ಹತ್ತಿರ ಇದ್ದರೆ ಉರಿಯುತ್ತಿರೋದು ಹೆಚ್ಚಾಗಿ ಕೊಬ್ಬು, 1ರ ಹತ್ತಿರ ಬಂದರೆ ಕಾರ್ಬೋಹೈಡ್ರೇಟ್. ಒಲೆಯಲ್ಲಿ ಯಾವ ಸೌದೆ ಇದೆ ಅಂತ ಹೊಗೆ ನೋಡಿ ಹೇಳಿದ ಹಾಗೆ.

ಈ ಶಾಸ್ತ್ರ ಬರೀ ಆಟಗಾರರಿಗೆ ಅಂದುಕೊಳ್ಳಬೇಡಿ. ಜೆರ್ರಿ ಮಾರಿಸ್ ಅನ್ನೋ ಬ್ರಿಟಿಷ್ ಸಂಶೋಧಕರು ಲಂಡನ್ ಬಸ್ಸುಗಳಲ್ಲಿ ದಿನವಿಡೀ ಕೂತಿರೋ ಡ್ರೈವರ್‌ಗಳನ್ನೂ, ಡಬಲ್ ಡೆಕ್ಕರ್ ಮೆಟ್ಟಿಲು ಹತ್ತಿ ಇಳಿಯೋ ಕಂಡಕ್ಟರ್‌ಗಳನ್ನೂ ಹೋಲಿಸಿದರು. ಹೃದಯದ ಕಾಯಿಲೆ ಡ್ರೈವರ್‌ಗಳಲ್ಲೇ ಹೆಚ್ಚು ಅಂತ 1953ರಲ್ಲಿ ಪ್ರಕಟಿಸಿದರು. 1966ರಲ್ಲಿ ಡಲ್ಲಾಸ್‌ನಲ್ಲಿ 20ರ ವಯಸ್ಸಿನ ಐದು ಜನ ಯುವಕರನ್ನು ಮೂರು ವಾರ ಹಾಸಿಗೆ ಬಿಟ್ಟು ಏಳದ ಹಾಗೆ ಇರಿಸಿದ್ದರು. 30 ವರ್ಷ ಕಳೆದ ಮೇಲೆ ಅದೇ ಐವರನ್ನು ಕರೆದು ಅಳೆದರೆ, ದೇಹದ ಕಸುವಿಗೆ ಮೂರು ದಶಕದ ವಯಸ್ಸು ಮಾಡಿದ ನಷ್ಟಕ್ಕಿಂತ ಆ ಮೂರು ವಾರ ಮಾಡಿದ್ದೇ ದೊಡ್ಡದು ಅಂತ ಕಂಡಿತು. "ರೆಸ್ಟ್ ತಗೊಳ್ಳಿ" ಅಂತ ಮಂಚಕ್ಕೇ ಅಂಟಿಸೋ ಮನೆಯವರಿಗೆ ನಾನು ಹೇಳೋ ಕಥೆ ಇದೇ.

ಇನ್ನು ದಿನದ ಕೆಲಸ. ಹೊಸಬರು ಬಂದರೆ ಮೊದಲು ಆರು ನಿಮಿಷದ ನಡಿಗೆ ಪರೀಕ್ಷೆ: 30 ಮೀಟರಿನ ಕಾರಿಡಾರಿನಲ್ಲಿ ಹೋಗಿ ಬಂದು, ಎಷ್ಟು ದೂರ ಆಯ್ತು ಅಂತ ಲೆಕ್ಕ. ಆಮೇಲೆ ಎಷ್ಟು ಜೋರು ಮಾಡಿಸಬಹುದು ಅನ್ನೋ ಪ್ರಶ್ನೆ. ಜಿಮ್ಮಿನ ಗೋಡೆ ಮೇಲಿರೋ "220ರಿಂದ ವಯಸ್ಸು ಕಳೆಯಿರಿ" ಅನ್ನೋ ಗರಿಷ್ಠ ಹೃದಯ ಬಡಿತದ ಸೂತ್ರ ಇಲ್ಲಿ ಉಪಯೋಗಕ್ಕೆ ಬರಲ್ಲ, ಯಾಕಂದ್ರೆ ಬಹಳಷ್ಟು ಜನ ಬೀಟಾ ಬ್ಲಾಕರ್ ಮಾತ್ರೆ ಮೇಲಿರ್ತಾರೆ. ಆ ಮಾತ್ರೆ ಹೃದಯದ ಬಡಿತವನ್ನು ಏರಗೊಡಲ್ಲ. ಆಗ "ಎಷ್ಟು ಕಷ್ಟ ಅನ್ನಿಸ್ತಿದೆ?" ಅಂತ ಕೇಳ್ತೀವಿ. 6 (ಏನೂ ಶ್ರಮವಿಲ್ಲ) ರಿಂದ 20 (ಇನ್ನು ಆಗೋದೇ ಇಲ್ಲ) ರವರೆಗಿನ ಬೋರ್ಗ್ ಮಾಪಕದಲ್ಲಿ ಸಾಮಾನ್ಯವಾಗಿ 11ರಿಂದ 14ರೊಳಗೆ ಇಡ್ತೀವಿ. ಹೊರೆ ಏರಿದಂತೆ ಮೇಲಿನ ರಕ್ತದೊತ್ತಡವೂ ಏರಬೇಕು. ಏರೋ ಬದಲು ಇಳಿಯೋಕೆ ಶುರುವಾದರೆ ಮಾತಿಲ್ಲ, ಮೆಷಿನ್ ನಿಲ್ಲಿಸೋದೇ. ಡಿಗ್ರಿ ಬೇಕಾಗೋದು ಇಂಥ ಕಡೆ.

ಬೇರೆ ದಾರಿಗಳೂ ಇವೆ: ಸ್ಟ್ರೆಂತ್ ಕೋಚ್, ಕ್ರೀಡಾ ತಂಡಗಳ ವಿಜ್ಞಾನಿ, ಕಾರ್ಖಾನೆಯಲ್ಲಿ ಭಾರ ಎತ್ತುವವರ ಬೆನ್ನು ಉಳಿಸೋ ಎರ್ಗೊನಾಮಿಕ್ಸ್, ಮಧುಮೇಹ ಮತ್ತು ಕ್ಯಾನ್ಸರ್ ರೋಗಿಗಳ ವ್ಯಾಯಾಮ, ಸಂಶೋಧನೆ. ಆದರೆ ಒಂದು ಮಾತು ನೆನಪಿರಲಿ. ಈ ಡಿಗ್ರಿಯ ಜೊತೆ ತಾನಾಗಿ ಯಾವ ಲೈಸೆನ್ಸೂ ಬರಲ್ಲ, ಒಂದೊಂದು ದೇಶದಲ್ಲಿ ಒಂದೊಂದು ಕಟ್ಟಳೆ. ಆಸ್ಟ್ರೇಲಿಯಾದಲ್ಲಿ ಮಾನ್ಯತೆ ಪಡೆದ ಎಕ್ಸರ್‌ಸೈಸ್ ಫಿಸಿಯಾಲಜಿಸ್ಟ್ ಹತ್ತಿರ ವೈದ್ಯರು ಕಳಿಸಿದ ದೀರ್ಘಕಾಲದ ರೋಗಿಗಳಿಗೆ ಮೆಡಿಕೇರ್ (ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ) ಹಣ ಕೊಡುತ್ತೆ. ಅಮೆರಿಕದಲ್ಲಿ ಎಸಿಎಸ್‌ಎಂ, ಎನ್‌ಎಸ್‌ಸಿಎ ಥರದ ಸಂಸ್ಥೆಗಳ ಪರೀಕ್ಷೆ ಬರೆದು ಪ್ರಮಾಣಪತ್ರ ತಗೋತಾರೆ. ಹಾಗಾಗಿ ಎಲ್ಲಿ, ಯಾರ ಜೊತೆ ಕೆಲಸ ಮಾಡ್ಬೇಕು ಅಂತ ಮೊದಲು ಯೋಚಿಸಿ, ಅಲ್ಲಿಂದ ಹಿಂದಕ್ಕೆ ಬಂದು ಕೋರ್ಸ್ ಹುಡುಕಿ.

ಮಂಡಿಚಿಪ್ಪು:

ನಾನು ಫಿಸಿಯೋ. ವ್ಯತ್ಯಾಸ ಕೇಳಿದ್ರಿ. ಮಂಡಿ ನೋವು ಅಂತ ಯಾರಾದರೂ ಬಂದರೆ ಪರೀಕ್ಷೆ ಮಾಡಿ ಏನಾಗಿದೆ ಅಂತ ಹೇಳೋದು, ಕೈಯಿಟ್ಟು ಚಿಕಿತ್ಸೆ ಕೊಡೋದು ನಮ್ಮ ಕೆಲಸ, ಅದಕ್ಕೆ ನೋಂದಣಿ ಬೇಕು. ವ್ಯಾಯಾಮ ವಿಜ್ಞಾನ ಓದಿ "ಆಮೇಲೆ ಫಿಸಿಯೋ ಆಗ್ತೀನಿ" ಅಂದ್ಕೊಂಡವರಿಗೆ ಅದು ಇನ್ನೊಂದು ಡಿಗ್ರಿ ಅಂತ ತಡವಾಗಿ ಗೊತ್ತಾಗುತ್ತೆ. ಸ್ವಂತ ಕ್ಲಿನಿಕ್ ಕನಸಿದ್ದರೆ ನೇರ ನಮ್ಮ ಕಡೆ ಬನ್ನಿ. ಅಂದಹಾಗೆ ಶಾಸ್ತ್ರಿಗಳೇ, ಹೃದ್ರೋಗಿಗಳನ್ನು ನಾವೂ ನಡೆಸ್ತೀವಿ!

ಬೆವರುಶಾಸ್ತ್ರಿ:

ನಡೆಸ್ತೀರಿ, ಅಲ್ಲ ಅನ್ನಲ್ಲ. ಆಪರೇಷನ್ ಆದ ಮೊದಲ ದಿನಗಳಲ್ಲಿ ವಾರ್ಡಿನಲ್ಲಿ ಎಬ್ಬಿಸೋರು ನೀವೇ. ನಮ್ಮ ಪಾಳಿ ಅವರು ಮನೆಗೆ ಹೋದ ಮೇಲೆ, ವಾರಗಟ್ಟಲೆ.

ಸೀಟಿಯಿಲ್ಲದ ಕೋಚ್:

ಕ್ರೀಡಾ ತಂಡದ ಆಸೆ ಇದ್ದರೆ ಇದನ್ನೂ ಓದಿ. ನಾನು ವೃತ್ತಿಪರ ತಂಡವೊಂದರ ಸ್ಟ್ರೆಂತ್ ಕೋಚ್. ಹುದ್ದೆ ಬೆರಳೆಣಿಕೆ, ಅರ್ಜಿ ರಾಶಿ. ಶುರುವಿನಲ್ಲಿ ಸಂಬಳವಿಲ್ಲದ ಇಂಟರ್ನ್‌ಶಿಪ್, ಕೋನ್ ಜೋಡಿಸೋದು, ನೀರಿನ ಬಾಟಲಿ ಹೊರೋದು. ಹೆಡ್ ಕೋಚ್ ಬದಲಾದರೆ ನಮ್ಮ ಗಂಟುಮೂಟೆಯೂ ಅವರ ಹಿಂದೆಯೇ. ಇನ್ನು ಕೆಲಸದ ಅರ್ಧ ಲ್ಯಾಪ್‌ಟಾಪ್ ಮುಂದೆ: ಯಾರು ಎಷ್ಟು ಓಡಿದರು ಅನ್ನೋ ಜಿಪಿಎಸ್ ಲೆಕ್ಕ, ಫೋರ್ಸ್ ಪ್ಲೇಟ್ (ಕಾಲು ನೆಲ ಒತ್ತೋ ಬಲ ಅಳೆಯೋ ಹಲಗೆ) ಮೇಲೆ ನೆಗೆದಾಗಿನ ಗ್ರಾಫು. ಆಟಗಾರನ ಜಿಗಿತ ಎಂದಿಗಿಂತ ಕಡಿಮೆ ಬಂತು ಅಂತ ನೀವು ತೋರಿಸ್ತೀರಿ, "ಪಂದ್ಯ ಇದೆ, ಆಡಲಿ" ಅಂತ ಕೋಚ್ ಹೇಳ್ತಾರೆ. ಇಷ್ಟಾದರೂ ನಾನು ಬಿಟ್ಟಿಲ್ಲ, ಯಾಕೆ ಅಂತ ಹೆಂಡತಿಯನ್ನು ಮಾತ್ರ ಕೇಳಬೇಡಿ.

ಎಂಟುನೂರು ಮೀಟರ್:

ಎಲ್ಲರಿಗೂ ಥ್ಯಾಂಕ್ಸ್. ಓಟಗಾರರ ಜೊತೆ ಕೆಲಸ ಮಾಡೋದನ್ನೇ ಕನಸು ಕಾಣ್ತಿದ್ದೆ, ಆಸ್ಪತ್ರೆ ಕಡೆ ಯೋಚನೆಯೇ ಹೋಗಿರಲಿಲ್ಲ. ಎರಡು ಪ್ರಶ್ನೆ ಉಳೀತು. ಕೆಮಿಸ್ಟ್ರಿ ಎಷ್ಟಿರುತ್ತೆ? ಕಾಲೇಜು ಒಳ್ಳೇದಾ ಅಂತ ಹೊರಗಿನಿಂದ ತಿಳಿಯೋದು ಹೇಗೆ?

ಬೆವರುಶಾಸ್ತ್ರಿ:

ಕೆಮಿಸ್ಟ್ರಿಯಿಂದ ತಪ್ಪಿಸಿಕೊಳ್ಳೋಕಾಗಲ್ಲ, ಆದರೆ ನೀವು ಹೆದರೋ ಕೆಮಿಸ್ಟ್ರಿ ಅಲ್ಲ. ಎಟಿಪಿ (ಜೀವಕೋಶಕ್ಕೆ ಶಕ್ತಿ ಕೊಡೋ ಅಣು) ಎಲ್ಲಿಂದ ಬರುತ್ತೆ, ಗ್ಲೂಕೋಸ್ ಹೇಗೆ ಒಡೆಯುತ್ತೆ, ಇನ್ಸುಲಿನ್ ಇಲ್ಲದೆಯೂ ದುಡಿಯೋ ಸ್ನಾಯು ಸಕ್ಕರೆಯನ್ನು ಹೇಗೆ ಒಳಗೆಳೆದುಕೊಳ್ಳುತ್ತೆ, ಇಂಥದ್ದು. 800 ಮೀಟರಿನ ಕೊನೆಯ ತಿರುವಿನಲ್ಲಿ ಕಾಲು ಕಲ್ಲಾಗಿರುತ್ತಲ್ಲ, ಪಾಠ ಅದರ ಬಗ್ಗೆಯೇ. ಮಾರನೇ ದಿನದ ಮೈಕೈ ನೋವಿಗೆ ಜೋರು ಓಟದಲ್ಲಿ ಸ್ನಾಯುವಿನಲ್ಲಿ ಹುಟ್ಟೋ ಲ್ಯಾಕ್ಟೇಟ್ ಕಾರಣ ಅಂತ ಯಾರಾದರೂ ಹೇಳಿಕೊಟ್ಟಿದ್ದರೆ ಅದನ್ನು ಈಗಲೇ ಮರೆತುಬಿಡಿ. ಅದು ಓಟ ಮುಗಿದ ಒಂದೆರಡು ಗಂಟೆಯೊಳಗೆ ರಕ್ತದಿಂದ ಖಾಲಿಯಾಗಿರುತ್ತೆ.

ಕಾಲೇಜಿನ ವಿಷಯಕ್ಕೆ ಬಂದರೆ, ರೋಗಿಗಳ ಜೊತೆ ಎಷ್ಟು ಗಂಟೆ ತರಬೇತಿ ಅಂತ ಕೇಳಿ. ನಿಮಗೆ ಬೇಕಾದ ಪ್ರಮಾಣಪತ್ರಕ್ಕೆ ಆ ಕೋರ್ಸ್ ನಡೆಯುತ್ತಾ ಅನ್ನೋದನ್ನು ಕಾಲೇಜಿನವರನ್ನು ಕೇಳಬೇಡಿ, ಪ್ರಮಾಣಪತ್ರ ಕೊಡೋರನ್ನೇ ಕೇಳಿ. ಆಮೇಲೆ ಲ್ಯಾಬ್ ತೋರಿಸಿ ಅನ್ನಿ. ಉಸಿರು ಅಳೆಯೋ ಮೆಷಿನ್ ಮುಂದೆ ನಿಂತು, ಕ್ಯಾಲಿಬ್ರೇಷನ್ ಗ್ಯಾಸಿನ ಸಿಲಿಂಡರ್ ಎಲ್ಲಿ ಅಂತ ವಿಚಾರಿಸಿ. ಸಾಮಾನ್ಯವಾಗಿ ಅದರಲ್ಲಿ ಶೇಕಡ 16ರಷ್ಟು ಆಮ್ಲಜನಕ, 4ರಷ್ಟು ಇಂಗಾಲದ ಡೈಆಕ್ಸೈಡ್ ಇರುತ್ತೆ. ಪರೀಕ್ಷೆಗೆ ಮುಂಚೆ ಅದರಿಂದ ಮೆಷಿನ್ ಸರಿಹೊಂದಿಸದಿದ್ದರೆ ಬರೋ ಅಂಕಿಗಳನ್ನು ನಂಬೋ ಹಾಗಿಲ್ಲ. ಪಕ್ಕದಲ್ಲಿರೋ ವಿದ್ಯಾರ್ಥಿ ತಟ್ಟನೆ ಕೈ ತೋರಿಸಿದರೆ ಅಲ್ಲಿ ಕೆಲಸ ನಡೀತಿದೆ. ಸಿಲಿಂಡರ್ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ ಅಂದ್ರೆ ಆ ಮೆಷಿನ್ ಇರೋದು ಬ್ರೋಷರಿನ ಫೋಟೋಗೆ.